ಅರ್ಧ ದಾರಿಯ ಬಸ್ಸು

ಭಾನುವಾರ, ಸಂಜೆ

ಪ್ರೀತಿಯ ಅಕ್ಕಾ,

ಮಾತಾಡುವುದೂ ಬೇಡ ಅನ್ನಿಸುವಷ್ಟು ಸುಸ್ತಾಗಿದೆ. ಫೋನಿನಲ್ಲಿ ನೀನು ನರ್ಸಮ್ಮನ ದನಿಯಲ್ಲಿ ಪ್ರಶ್ನೆ ಹಾಕಿದರೆ ನಾನು ತಡವರಿಸಿಬಿಡುತ್ತೇನೆ; ಅದಕ್ಕೇ ಈ ಕಾಗದ.

ಎದೆಯ ಆಪರೇಷನ್ ಆದ ಅಪ್ಪ ನಮ್ಮ ವಾಕಿಂಗ್ ಗುಂಪಿನ ಇವತ್ತಿನ ಕಾಡಂಚಿನ ನಡಿಗೆಯನ್ನು ಕೊನೆಯವರೆಗೂ ನಡೆದರೆ ಮತ್ತೆ ಬಸ್ಸು ಓಡಿಸಬಹುದು, ಇಲ್ಲದಿದ್ದರೆ ಸ್ಟೀರಿಂಗಿನ ಆಸೆ ಬಿಡಬೇಕು ಎಂದು ನೀನೂ ಅಪ್ಪನೂ ಪಂದ್ಯ ಕಟ್ಟಿದ್ದಿರಿ. ಸಾಕ್ಷಿ ನಾನು. ಆದರೆ ಪಂದ್ಯ ಇತ್ಯರ್ಥವಾಗಲೇ ಇಲ್ಲ. ತಪ್ಪು ನನ್ನದು.

ಬೆಳಿಗ್ಗೆ ಊರ ಕೊನೆಯ ಬಡಾವಣೆಯ ನೀರಿನ ಟ್ಯಾಂಕಿನಿಂದ ಹೊರಟೆವು. ದಾರಿಯ ಒಂದು ಪಕ್ಕ ಮನೆಗಳ ಹಿತ್ತಿಲ ಗೋಡೆ, ಒಣಹಾಕಿದ ಬಟ್ಟೆ. ಇನ್ನೊಂದು ಪಕ್ಕ ಕುರುಚಲು ಕಾಡು. ಎಲ್ಲರ ಮುಂದೆ ನಿವೃತ್ತ ಡ್ರಿಲ್ ಮೇಷ್ಟ್ರು. ಯಾರಾದರೂ ನಿಂತರೆ ಸಾಕು, "ಏನ್ರೀ, ಬೇರು ಬಿಡ್ತಿದೀರಾ?" ಅನ್ನುತ್ತಿದ್ದರು. ಅಪ್ಪ ಬಿಡುತ್ತಾರೆಯೇ? "ಸ್ಟಾಪ್ ಬಂದ್ರೆ ನಿಲ್ಲಿಸ್ಲೇಬೇಕು ಮೇಷ್ಟ್ರೇ, ಇಲ್ಲಾಂದ್ರೆ ಜನ ಬೈತಾರೆ" ಅಂದರು. ಎಲ್ಲರೂ ನಕ್ಕರು.

ಹಳೆಯ ಕಲ್ಲುಗಣಿಯ ಏರಿನಲ್ಲಿ ನನ್ನ ಪಾದ ಉಳುಕಿತು. ಅಲ್ಲೇ ಮೇಲೆ ರಸ್ತೆ, ಬಸ್ ಸ್ಟಾಪು. "ನನ್ನ ಕೈಲಾಗಲ್ಲಪ್ಪಾ, ಮನೆಗೆ ಹೋಗೋಣ" ಎಂದು ಹಟ ಹಿಡಿದೆ. "ಓದಿ ಓದಿ ಕಾಲೂ ಕಾಗದ ಆಗಿದೆ ಇವಳಿಗೆ" ಎಂದು ಅಪ್ಪ ಎಲ್ಲರಿಗೂ ಕೇಳುವಂತೆ ಬೈದು, ನನ್ನ ಚೀಲ ತಾವೇ ಹೊತ್ತರು. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ತಿರುವು ಬಂದಾಗಲೆಲ್ಲ ಬಲಗಾಲಿನಿಂದ ನೆಲ ಒತ್ತುತ್ತಿದ್ದರು. ಆಮೇಲೆ ಕಿಟಕಿಗೆ ತಲೆಯಿಟ್ಟು ಮಲಗಿಬಿಟ್ಟರು.

ಆದ್ದರಿಂದ ಅಪ್ಪ ಸೋತರು ಅಂದುಕೊಳ್ಳಬೇಡ. ಇನ್ನೊಂದು ಅವಕಾಶ ಕೊಡು.

ದಣಿದಿರುವ,
ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಅಪ್ಪನಿಗೆ ಓದಲು ಕೊಟ್ಟೆ, ಸಮಾಧಾನವಾಗಲಿ ಎಂದು. ಓದಿ ಮುಗಿಸಿ ಮುಲಾಮಿನ ಡಬ್ಬಿ ತಂದು ನನ್ನ ಕಾಲ ಬಳಿ ಕೂತರು. "ಯಾವ ಕಾಲಮ್ಮ? ಬಸ್ಸು ಹತ್ತೋವಾಗ ಎಡಗಾಲು ಕುಂಟ್ತಿದ್ದೆ, ಇಳಿದ ಮೇಲೆ ಬಲಗಾಲು" ಅಂದರು. ಏರಿನಲ್ಲಿ ಅವರು ಮರ ತಬ್ಬಿಕೊಂಡು ನಿಂತದ್ದನ್ನು, ತುಟಿ ಕಪ್ಪಿಟ್ಟದ್ದನ್ನು ಬರೆದಿಲ್ಲ ಅಕ್ಕಾ. "ಅವಳಿಗೆ ನಿಜ ಬರಿ. ನಾಳೆ ಡಿಪೋಗೆ ಹೋಗಿ ನಾನೇ ಬೇಡ ಅಂದು ಬರ್ತೀನಿ. ನನ್ನ ಬೆನ್ನ ಹಿಂದೆ ಬಸ್ಸು ತುಂಬ ಜನ ಕೂತಿರ್ತಾರೆ" ಅಂದರು. ಆಮೇಲೆ ಎರಡೂ ಕಾಲಿಗೆ ಮುಲಾಮು ಹಚ್ಚಿದರು.