ಆಟದಲ್ಲಿರದ ಏಳು ಪಂದ್ಯ

ಬೈರಮಂಗಲ
22-11-2009, ಭಾನುವಾರ

ಪ್ರೀತಿಯ ಅಸ್ರಾ,

ನಿನ್ನ ಕಾಗದ ಕೈಸೇರಿ ಒಂಬತ್ತು ದಿನವಾಯಿತು. ಶಿಡ್ಲಘಟ್ಟದ ಅಂಚೆ ಮುದ್ರೆ ನೋಡಿದ ಕೂಡಲೇ ನಿನ್ನದೆಂದು ತಿಳಿಯಿತು. ಆ ಊರಿನಿಂದ ನನಗೆ ಬರೆಯುವವರು ಇನ್ಯಾರಿದ್ದಾರೆ? ಅವ್ವ ಮಾತ್ರ ದಿನಕ್ಕೊಂದು ಸಲ ಕೇಳುತ್ತಾಳೆ, ಅದೇನು ಆ ಕಾಗದ ಹಿಡ್ಕಂಡು ಕುಂತೇ ಇದ್ದೀಯಲ್ಲ, ಯಾರಾದ್ರೂ ಹೋಗ್ಬುಟ್ರಾ ಅಂತ.

ಕೊನೆಯಲ್ಲಿ ನಿನ್ನ ಮೈದುನನ ಮೊಬೈಲ್ ನಂಬರು ಬರೆದಿದ್ದೀಯ. ಎರಡು ಸಲ ಆ ನಂಬರು ಒತ್ತಿ, ರಿಂಗ್ ಆಗುವ ಮುಂಚೆಯೇ ಕಟ್ ಮಾಡಿದೆ. ನನಗೆ ಬಾಯಲ್ಲಿ ಮಾತು ಬರುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಕಾಲೇಜಿನ ಮೂರು ವರ್ಷ, ಆಮೇಲೆ ಜಿಲ್ಲಾ ತಂಡ ಎಂದಾದಾಗ ಒಂದು ವರ್ಷ, ನಿಮ್ಮ ಪಂದ್ಯಗಳಿಗೆಲ್ಲ ಸ್ಕೋರ್ ಬರೆದೆ. ಆ ಕೆಲಸ ಒಪ್ಪಿಕೊಂಡದ್ದೇ ಮೇಜಿನ ಹಿಂದೆ ಕೂತವಳನ್ನು ಯಾರೂ ಮಾತಾಡಿಸುವುದಿಲ್ಲ ಎನ್ನುವ ಕಾರಣಕ್ಕೆ.

ನೀನು ಕೇಳಿರುವುದು ಒಂದೇ ಪ್ರಶ್ನೆ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ನೆಟ್ಟಿದ್ದಾರೆ, ಸಂಜೆ ಹೊತ್ತು ಬಂದು ಮಕ್ಕಳಿಗೆ ಆಟ ಕಲಿಸು ಎಂದು ಹೆಡ್ಮಿಸ್ ಹಮೀದಾ ಮೇಡಂ ಕರೆದಿದ್ದಾರೆ, ನಿಮ್ಮ ಯಜಮಾನರೂ ಬೇಡ ಎಂದಿಲ್ಲ. ಡಿಸೆಂಬರ್ ಒಂದರೊಳಗೆ ಉತ್ತರ ಹೇಳಬೇಕು. ಆದರೆ ನೀನು ಬರೆದಿದ್ದೀಯ: ನನ್ನ ಆಟದ ಬಗ್ಗೆ ಬಂದಿದ್ದ ಆ ಪೇಪರ್ ತುಂಡು ಇನ್ನೂ ನನ್ನ ಟ್ರಂಕಿನಲ್ಲಿದೆ ಲತಾ, ಅಷ್ಟು ಚೆನ್ನಾಗಿ ಬರೆದವರು ಸುಳ್ಳು ಬರೆದಿರಲಾರರು, ನಾನೇ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರದವಳು, ಮಕ್ಕಳಿಗೆ ಏನು ಹೇಳಿಕೊಡಲಿ; ನೀನು ಎಲ್ಲ ಪಂದ್ಯ ನೋಡಿದವಳು, ಅದು ಸರಿಯೋ ತಪ್ಪೋ ಮುಲಾಜಿಲ್ಲದೆ ಹೇಳು; ಸರಿ ಅಂದರೆ ನಾನು ಮೇಡಂಗೆ ಆಗಲ್ಲ ಅಂದುಬಿಡುತ್ತೇನೆ.

ಮುಲಾಜಿಲ್ಲದೆ ಹೇಳಲು ಒಂಬತ್ತು ದಿನ ಬೇಕಾಯಿತು.

ಮೊದಲು ಮಂಡ್ಯದ ಪಂದ್ಯ ನೆನಪು ಮಾಡಿಕೊಳ್ಳುತ್ತೇನೆ. ಅವತ್ತು ನೀನು ಮೂವತ್ತೊಂದು ಪಾಯಿಂಟ್ ಹಾಕಿದೆ. ನೀನು ಚೆಂಡು ಹಿಡಿದರೆ ಎದುರು ತಂಡದ ಹುಡುಗಿಯರು ತಡೆಯಲು ಬರುವುದನ್ನು ಮರೆತು ನೋಡುತ್ತಾ ನಿಲ್ಲುತ್ತಿದ್ದರು. ನನ್ನ ಪಕ್ಕ ಕೂತಿದ್ದ ಆ ಊರಿನ ಸ್ಕೋರರ್ ಪೆನ್ನು ಕೆಳಗಿಟ್ಟು, ಇದ್ಯಾರ್ ಮಗೀನಮ್ಮ ಇದು ಅಂದರು. ಅದಾಗಿ ಎಂಟು ದಿನಕ್ಕೆ ಕನಕಪುರದಲ್ಲಿ ಮೂರು ಪಾಯಿಂಟ್. ಸೌಮ್ಯ ಎಸೆದ ಪಾಸು ನೇರ ನಿನ್ನ ಕೈಗೆ ಬಂದು ಸೋಪಿನ ಹಾಗೆ ಜಾರಿ ಹೊರಗೆ ಹೋಯಿತು. ಒಂದಲ್ಲ, ಆರು ಸಲ. ಕ್ಯಾಪ್ಟನ್ ಆಗಿದ್ದ ಸೌಮ್ಯ ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಅಳುತ್ತಿದ್ದಳು. ನೀನು ಹಿಂದಿನ ಸೀಟಿನಲ್ಲಿ ಕೈಯನ್ನು ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಕೂತಿದ್ದೆ.

ಆಮೇಲೆ ಊರೆಲ್ಲ ನಿನ್ನದೇ ಮಾತಾಯಿತು. ಕಾಲೇಜು ಮೈದಾನದ ಗೇಟಿನ ಹತ್ತಿರ ಅಸ್ಗರಣ್ಣನ ಟೀ ಅಂಗಡಿಯಲ್ಲಿ ಸಂಜೆ ನಡೆಯುತ್ತಿದ್ದ ವಾದ ನಿನ್ನ ಕಿವಿಗೆ ಬೀಳದಿರಲಿ ಎಂದು ನಾವು ನಿನ್ನನ್ನು ಹಿಂದಿನ ಗೇಟಿನಿಂದ ಕರೆದುಕೊಂಡು ಹೋಗುತ್ತಿದ್ದೆವು. ರೇಷ್ಮೆ ಇಲಾಖೆಯಿಂದ ರಿಟೈರ್ ಆದ ಒಬ್ಬರು ಇದ್ದರಲ್ಲ, ಅವರ ಮಾತು ಇದು: ಒಂದ್ ದಿನ ಮೂವತ್ತು, ಒಂದ್ ದಿನ ಮೂರು, ಇದ್ಯಾವ ಆಟ ಲೇ? ಮ್ಯಾಚಿಗೆ ಬರೋವಾಗ ಕೈಯ ಮನೇಲಿ ಬುಟ್ಟು ಬತ್ತಾಳಾ? ಎಲ್ಲರೂ ನಕ್ಕರು. ಅಸ್ಗರಣ್ಣ ಮಾತ್ರ ನಗಲಿಲ್ಲ. ನನ್ ಟೀ ದಿನಾ ಒಂದೇ ತರ ಐತಾ ಸಾಮಿ? ಒಂದಿನ ನೀರು ನೀರು ಐತೆ ಅಂತ ನೀವೇ ಬೈತೀರಿ, ಮತ್ತೆ ಬೆಳಗಾದ್ರೆ ಇಲ್ಲೇ ಬತ್ತೀರಿ. ಮೂವತ್ತು ಕೊಟ್ಟಿರೋಳ್ನ ತಾನೆ ಮೂವತ್ತು ಕೇಳ್ತೀರಾ, ಏನೂ ಕೊಡ್ದೋಳ್ನ ಯಾರ್ ಕೇಳ್ತಾರೆ ಅಂದ. ಟೀಗೂ ಆಟಕ್ಕೂ ಏನ್ಲಾ ಸಂಬಂಧ, ಸಕ್ಕರೆ ಹಾಕು ಒಸಿ ಅಂದರು ಆ ರಿಟೈರ್ ಆದವರು.

ನಮ್ಮ ಕೋಚ್ ಮನೋಹರ್ ಸರ್ ಹೇಳುತ್ತಿದ್ದುದರಲ್ಲಿ ನ್ಯಾಯವಿತ್ತು. ನಾಲ್ಕು ಜನ ಓಡಿ ಓಡಿ ಒಂದು ಚೆಂಡನ್ನು ಅವಳ ಕೈವರೆಗೆ ತರುತ್ತಾರೆ, ಅವಳು ಬಿಟ್ಟರೆ ಆ ನಾಲ್ವರ ಓಟವೂ ದಂಡ. ಪ್ರತಿಭೆ ಇದೆ ಅಂತ ಅವಳನ್ನು ಕೇಳದೆ ಬಿಟ್ಟರೆ ಉಳಿದವರಿಗೆ ಏನು ಹೇಳಲಿ ಎನ್ನುತ್ತಿದ್ದರು. ನೀನು ಬೆರಳಿಗೆ ಬಟ್ಟೆ ಪಟ್ಟಿ ಸುತ್ತಿಕೊಂಡು ಬಂದ ದಿನ ಶೋಕಿ ಬೇಡ ಎಂದು ಬಿಚ್ಚಿಸಿದವರೂ ಅವರೇ.

ಆಗ ನಾನು ಬಿ.ಎ. ಮುಗಿಸಿ ಅಶ್ವಥ್ ಅವರ ನಾಲ್ಕು ಪುಟದ ವಾರಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಒಂದು ದಿನ ಅವರು, ಏನಮ್ಮಾ, ಕನ್ನಡ ಓದಿದೋಳು ಬೇರೆಯವರ ಕಾಗುಣಿತ ತಿದ್ಕಂಡೇ ಇರ್ತೀಯಾ, ಎಲ್ಲರ ಬಾಯಲ್ಲೂ ಆ ಹುಡುಗೀದೇ ಮಾತು, ಅರ್ಧ ಪುಟ ಬರ್ಕೊಡು ಅಂದರು. ಹೆಸರು ಹಾಕಬೇಡಿ ಅಂದೆ. ಹೆಸರು ಹಾಕಲಿಲ್ಲ.

ಆ ಬರಹ ನನ್ನದು, ಅಸ್ರಾ. ನಿನ್ನ ಟ್ರಂಕಿನಲ್ಲಿ ಇರುವುದು ನಾನು ಬರೆದದ್ದು.

ಇದನ್ನು ಓದಿ ನೀನು ಕಾಗದ ಮಡಿಸಿಟ್ಟರೆ ನನಗೆ ಕೇಳುವ ಹಕ್ಕಿಲ್ಲ. ಮುಂದೆ ಓದುವೆ ಎಂದುಕೊಂಡು ಬರೆಯುತ್ತೇನೆ.

ನೀನು ಕಾಗದದಲ್ಲಿ ನಕಲು ಮಾಡಿ ಕೆಂಪು ಗೆರೆ ಎಳೆದಿರುವ ವಾಕ್ಯ ನನಗೆ ಬಾಯಿಪಾಠ. "ಹದಿನಾರು ಪಂದ್ಯಗಳಲ್ಲಿ ಏಳರಲ್ಲಿ ಈಕೆ ಮೈದಾನದಲ್ಲಿದ್ದರು, ಆಟದಲ್ಲಿರಲಿಲ್ಲ." ಅದು ಅಚ್ಚಾದ ವಾರ ಚನ್ನಪಟ್ಟಣದ ಬಸ್ಸಿನಲ್ಲಿ ಇಬ್ಬರು ಗೊಂಬೆ ಕೆಲಸದವರು ಪತ್ರಿಕೆ ಮಡಿಸಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಮಾತು ಅಂದ್ರೆ ಹಿಂಗಿರ್ಬೇಕು ಕಣ್ಲಾ ಅಂದ ಒಬ್ಬ. ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಹುಟ್ಟಿದಂದಿನಿಂದ ನನ್ನ ಮಾತನ್ನು ಯಾರೂ ಎರಡನೇ ಸಲ ಹೇಳಿದ್ದಿಲ್ಲ. ನಾನು ಇಳಿಯಬೇಕಾದ ಸ್ಟಾಪ್ ದಾಟಿ ಹೋದೆ.

ಅದೇ ವಾರ ನೀನು ನಮ್ಮ ಮನೆಗೆ ಬಂದೆ. ಬಿಡದಿಯಿಂದ ಆಟೋ ಸಿಗದೆ, ಗಬ್ಬು ನಾರುವ ನಮ್ಮ ಕೆರೆಯ ಏರಿಯ ಮೇಲೆ ಮೂಗು ಮುಚ್ಚಿಕೊಂಡು ನಡೆದು ಬಂದಿದ್ದೆ. ಅವ್ವ ಕೊಟ್ಟ ಲೋಟ ನೀನು ಎರಡು ಅಂಗೈ ನಡುವೆ ಹಿಡಿದುಕೊಂಡದ್ದನ್ನು ನೋಡಿದೆ. ಆಮೇಲೆ ಹಿತ್ತಿಲಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆಗಳ ಪಕ್ಕ ನಿಂತು ಕೈ ಬಿಚ್ಚಿ ತೋರಿಸಿದೆ. ಬೆರಳ ತುದಿಯೆಲ್ಲ ಬೆಂದು ಬಿಳಿಚಿ, ಚರ್ಮ ಎದ್ದು ಬಂದಿತ್ತು. ನಿನ್ನ ಅಮ್ಮಿ ಗುಲ್ಜಾರ್ ಬೀ ಅವರಿಗೆ ನಿಮ್ಮ ಮನೆಯ ರೇಷ್ಮೆ ಬಿಚ್ಚುವ ಒಲೆಯ ಹಬೆಗೆ ಉಸಿರು ಕಟ್ಟುವುದು ಹೆಚ್ಚಾಗಿ, ಬೇಸಿನ್ ಮುಂದೆ ಅವರ ಜಾಗದಲ್ಲಿ ನೀನು ಕೂರುತ್ತಿದ್ದೆ. ಕುದಿನೀರಿನಲ್ಲಿ ಬೆಂದ ರೇಷ್ಮೆ ಗೂಡಿನಿಂದ ಎಳೆ ಹುಡುಕಿ ಕೊಡುವ ಕೆಲಸ. ಕೂತ ಮಾರನೆಯ ದಿನ ಪಂದ್ಯವಿದ್ದರೆ ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ ಅಂದೆ. ಯಾರಿಗೂ ಹೇಳಬೇಡ, ನಮ್ಮ ಅಕ್ಕ ಮಜೀದಾಗೆ ಗಂಡು ಗೊತ್ತಾಗುವುದರಲ್ಲಿದೆ, ತಾಯಿಗೆ ಉಬ್ಬಸ ಅಂತ ತಿಳಿದರೆ ಅವರು ಹಿಂದೆ ಸರಿಯುತ್ತಾರೆ ಅಂದೆ. ನಮ್ಮ ಹೆಣ್ಣುಮಕ್ಕಳು ಒಲೆ ಹತ್ತಿರ ಹೋಗಲ್ಲ ಅಂತ ಅಬ್ಬಾ ತಾಜ್ ಪಾಷಾ ಎಲ್ಲರ ಮುಂದೆ ಹೇಳಿಕೊಂಡಿದ್ದಾರೆ ಅಂದೆ. ನಿನ್ನ ಕೈಯ ಸಂಗತಿ ನನಗೆ ಗೊತ್ತಾದದ್ದು ಆ ದಿನ.

ನೀನು ಕೇಳಿದ್ದು ಒಂದೇ ಸಹಾಯ. ಬಿಡದಿಯ ಆ ಹೊಸ ಕಾರ್ಖಾನೆಯವರು ಹೆಣ್ಣುಮಕ್ಕಳ ತಂಡ ಕಟ್ಟುತ್ತಿದ್ದರು. ಆಯ್ಕೆಯಾದ ಆರು ಮಂದಿಗೆ ಕೆಲಸ, ಬೆಳಗ್ಗೆ ಆಟ. ಆಯ್ಕೆಗೆ ಅವರ ಅಧಿಕಾರಿ ಬರುವ ದಿನವನ್ನು ಮನೋಹರ್ ಸರ್‌ಗೆ ಹೇಳಿ, ನಾನು ಒಲೆ ಮುಂದೆ ಕೂರದ ದಿನಗಳಾದ ಮೇಲೆ ಇಡಿಸು ಅಂದೆ. ಕೆಲಸ ಸಿಕ್ಕರೆ ಅಮ್ಮಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ, ನಾನೂ ಕೈ ನೀರಿಗೆ ಹಾಕಬೇಕಾಗಿಲ್ಲ ಅಂದೆ.

ನಾನು ತುಂಬ ಯೋಚನೆ ಮಾಡಿದೆ ಎಂದುಕೊಂಡೆ. ಯುಗಾದಿಗೂ ಹೊಸತೊಡಕಿಗೂ ಗೂಡಿನ ಮಾರುಕಟ್ಟೆ ರಜೆ. ಎರಡು ದಿನ ಗೂಡಿಲ್ಲ ಅಂದರೆ ಎರಡು ದಿನ ನಿನ್ನ ಕೈಗೆ ಬಿಡುವು, ಮೂರನೆಯ ದಿನಕ್ಕೆ ಚರ್ಮ ಕೂಡಿರುತ್ತದೆ. ಸರ್ ಹತ್ತಿರ ನಾನಾಗಿ ಮಾತಾಡಿದ್ದು ಅದೇ ಮೊದಲು. ಹಬ್ಬ ಮುಗಿದ ಮಾರನೆಯ ದಿನ ಇಟ್ಟರೆ ಎಲ್ಲ ಹುಡುಗಿಯರೂ ಊರಿನಿಂದ ಬಂದಿರುತ್ತಾರೆ ಸರ್ ಎಂದೆ. ಅವರು ಒಪ್ಪಿದರು. ನಿನಗೆ ದಿನ ತಿಳಿಸಲು ಹುಡುಗಿಯೊಬ್ಬಳ ಕೈಲಿ ಚೀಟಿ ಕಳಿಸಿದೆ. ನಾನೇ ಬರಲಿಲ್ಲ. ಬರಹವಾದ ಮೇಲೆ ನಿನ್ನ ಮುಖ ನೋಡಲು ಆಗುತ್ತಿರಲಿಲ್ಲ. ಬಂದಿದ್ದರೆ ನೀನು ಬಾಗಿಲಲ್ಲೇ ಆ ದಿನ ಬೇಡ ಅನ್ನುತ್ತಿದ್ದೆ.

ಅಸ್ರಾ, ನಾನು ಗೂಡು ಬೆಳೆಯುವವರ ಮಗಳು. ಮಾರುಕಟ್ಟೆ ರಜೆ ಅಂದರೆ ನಮ್ಮ ಮನೆಯಲ್ಲಿ ಕೆಲಸವಿಲ್ಲದ ದಿನ. ಹಬ್ಬಕ್ಕೆ ಮುಂಚಿನ ದಿನ ನಮ್ಮಪ್ಪ ಮರಿಯಪ್ಪನೂ ಎಲ್ಲರ ಹಾಗೆ ಇದ್ದಬದ್ದ ಗೂಡನ್ನೆಲ್ಲ ಹೊತ್ತುಕೊಂಡು ಹೋಗಿ ಮಾರಿ ಬಂದ. ಹೊರೆ ಇಳೀತು ಕಣವ್ವ, ಇನ್ನೆರಡು ದಿನ ಕಾಲು ಚಾಚ್ಕಂಡು ಮಲಗ್ತೀನಿ ಅಂದ. ಆ ಗೂಡೆಲ್ಲ ಯಾರ ಮನೆಗೆ ಹೋಯಿತು, ಅಲ್ಲಿ ಯಾರು ಮಲಗಲಿಲ್ಲ ಎಂದು ನಾನು ಯೋಚಿಸಲೇ ಇಲ್ಲ. ರಜೆಯಲ್ಲಿ ಒಲೆ ಆರಬಾರದು ಎಂದು ನಿಮ್ಮವರು ಮೂರು ದಿನದ ಗೂಡನ್ನು ಒಂದೇ ದಿನ ಕೊಂಡಿದ್ದರು. ಬೇಸಿಗೆಯ ಬಿಸಿಗೆ ಚಿಟ್ಟೆ ಗೂಡು ಕಚ್ಚಿ ಹೊರಬರುವ ಮುಂಚೆ ಬಿಚ್ಚಿ ಮುಗಿಸಬೇಕು. ನಾವು ಒಬ್ಬಟ್ಟು ತಿಂದ ದಿನ, ಮಾರನೆಯ ದಿನ ಬಾಡೂಟ ಮಾಡಿದ ದಿನ, ಎರಡೂ ದಿನ ನೀನು ಬೆಳಗಿನಿಂದ ಕುದಿನೀರಿನಲ್ಲಿ ಕೈ ಇಟ್ಟು ಕೂತಿದ್ದೆ.

ಉಳಿದದ್ದು ನಿನಗೇ ಗೊತ್ತು. ಅಧಿಕಾರಿ ಹತ್ತು ಫ್ರೀ ಥ್ರೋ ಹಾಕಿಸಿದರು, ಒಂದು ಬಿತ್ತು. ನಿನಗೆ ಗೊತ್ತಿಲ್ಲದ್ದು ಮೇಜಿನ ಹತ್ತಿರ ನಡೆದದ್ದು. ಅವರ ಫೈಲಿನಲ್ಲಿ ನನ್ನ ಬರಹದ ತುಂಡಿತ್ತು. ಇದು ನಿಜಾನಾ ಎಂದು ಅಧಿಕಾರಿ ಮನೋಹರ್ ಸರ್ ಅವರನ್ನು ಕೇಳಿದರು. ಹುಡುಗಿ ಒಳ್ಳೆಯವಳು ಸಾರ್, ಆದ್ರೆ ನಂಬಕ್ಕಾಗಲ್ಲ ಎಂದರು ಸರ್. ಆಮೇಲೆ ಅಧಿಕಾರಿ ನನ್ನ ಕಡೆ ತಿರುಗಿ, ಸ್ಕೋರ್ ಬರೆಯೋರು ನೀವಲ್ವಾ, ನೀವೇನಂತೀರಿ ಎಂದರು. ನಿನಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು ಎಂದುಕೊಂಡೆ. ಏನೂ ಹೇಳಲಿಲ್ಲ. ಅವರು ನಿನ್ನ ಹೆಸರಿನ ಮೇಲೆ ಗೆರೆ ಎಳೆದರು. ಆ ಗೆರೆ ಎಳೆದದ್ದು ನನ್ನ ಪೆನ್ನಿನಿಂದ. ಅವರದು ಬರೆಯುತ್ತಿಲ್ಲ ಎಂದು ಕೈ ಚಾಚಿದ್ದರು, ಕೊಟ್ಟೆ.

ಸೌಮ್ಯ ಆಯ್ಕೆಯಾದಳು. ಹೋದ ವರ್ಷದ ಕೊನೆಗೆ ಆರ್ಡರ್ ಕಡಿಮೆ ಎಂದು ಕಾರ್ಖಾನೆಯವರು ತಂಡ ಮುಚ್ಚಿದರು. ಅಂಗಳದ ಕಂಬ ಹಾಗೇ ಇದೆ, ಅದರ ಕೆಳಗೆ ಈಗ ಬೈಕ್ ನಿಲ್ಲಿಸುತ್ತಾರಂತೆ. ಅವಳಿಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಉಳಿದಿದೆ. ಹಾಗಾಗಿ ನೀನು ಕಳೆದುಕೊಂಡದ್ದು ಏನೂ ಇಲ್ಲ ಎಂದು ಒಂದು ಸಲ ನನಗೆ ನಾನೇ ಹೇಳಿಕೊಂಡೆ. ಗುಲ್ಜಾರ್ ಬೀ ತೀರಿಹೋದ ಸುದ್ದಿ ಅಸ್ಗರಣ್ಣನಿಂದ ಗೊತ್ತಾಯಿತು. ನಿಮ್ಮ ಬೀದಿಯ ತುದಿಯವರೆಗೆ ಬಂದು, ಶಾಮಿಯಾನ ನೋಡಿ ವಾಪಸ್ ಹೋದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನನ್ನು ಟೀಕಿಸುವುದು ಸರಿಯೇ? ಚೆಂಡು ಜಾರಿತು ಎಂದು ಹೇಳುವುದು ಸರಿ. ಸೌಮ್ಯಳ ಅಳು ಸರಿ, ಸರ್ ಅವರ ಕೋಪವೂ ಸರಿ. ಆಡುವವರನ್ನು ನೋಡುವವರು ಕೇಳಬಹುದು. ಆದರೆ ನಾನು ಚೆಂಡು ಜಾರಿತು ಎಂದು ಬರೆಯಲಿಲ್ಲ. ನೀನು ಮನಸ್ಸಿಡಲಿಲ್ಲ ಎಂದು ಬರೆದೆ. ಚೆನ್ನಾಗಿ ಬರೆದವರು ಸುಳ್ಳು ಬರೆದಿರಲಾರರು ಎಂದು ನೀನು ನಂಬಿದ್ದೀಯಲ್ಲ, ಅದೊಂದನ್ನು ಬಿಡು. ಆ ತುಂಡನ್ನು ಒಲೆಗೆ ಹಾಕಿ ಹಮೀದಾ ಮೇಡಂಗೆ ಬರುತ್ತೇನೆ ಎಂದು ಹೇಳು. ಮಕ್ಕಳಲ್ಲಿ ಯಾರಾದರೂ ಪಾಸ್ ಬಿಟ್ಟರೆ ನೀನು ಮೊದಲು ಅವರ ಕೈ ನೋಡುತ್ತೀಯ. ಅದಕ್ಕೇ ನೀನು ಹೋಗಬೇಕು.

ಈ ಕಾಗದದ ಜೊತೆ ಜಿಲ್ಲಾ ತಂಡದ ವರ್ಷದ ನಮ್ಮ ಸ್ಕೋರ್ ಪುಸ್ತಕ ಕಳಿಸುತ್ತಿದ್ದೇನೆ. ಅಲ್ಲಿ ಯಾರಾದರೂ ಕೇಳಿದರೆ ಮಂಡ್ಯದ ಪುಟ ತೋರಿಸು.

ಉತ್ತರ ಬರೆಯಬೇಕೆಂದಿಲ್ಲ.

ನಿನ್ನ ಪಂದ್ಯಗಳನ್ನು ಬರೆದವಳು,
ಲತಾಮಣಿ

ಮರೆತದ್ದು: ಕಟ್ಟು ಹಾಕುವ ಮುಂಚೆ ಪುಸ್ತಕ ಇನ್ನೊಮ್ಮೆ ತಿರುವಿದೆ. ಕೆಲವು ಪಂದ್ಯಗಳಲ್ಲಿ ನಿನ್ನ ಹೆಸರಿನ ಪಕ್ಕ ಪೆನ್ಸಿಲಿನ ಚುಕ್ಕೆ ಇದೆ. ಅಳಿಸಲು ರಬ್ಬರ್ ತೆಗೆದುಕೊಂಡಿದ್ದೆ, ಅಳಿಸಲಿಲ್ಲ. ಪಂದ್ಯಕ್ಕೆ ಮುಂಚೆ ನೀನು ಮೇಜಿಗೆ ಬಂದು ಸಹಿ ಹಾಕುವಾಗ ನಿನ್ನ ಬೆರಳು ಬೆಂದು ಬಿಳಿಚಿರುವುದು ಕಂಡ ದಿನ ಹಾಕಿದ ಚುಕ್ಕೆ ಅದು. ಬೆಂದ ಹುಳದ ವಾಸನೆ ನನಗೆ ಗೊತ್ತಿಲ್ಲದ್ದಲ್ಲ. ನೀನು ನಮ್ಮ ಹಿತ್ತಿಲಿನಲ್ಲಿ ಕೈ ತೋರಿಸಿದ ದಿನ ಗೊತ್ತಾಯಿತು ಎಂದು ಮೇಲೆ ಬರೆದದ್ದು ನಿಜವಲ್ಲ. ಪುಸ್ತಕದಲ್ಲಿ ಆ ಬರಹಕ್ಕೆ ಮುಂಚಿನ ಪಂದ್ಯಗಳು ಹದಿನಾರು. ಚುಕ್ಕೆಗಳನ್ನು ನೀನೇ ಎಣಿಸು. ಬರೆಯಲು ಕೂತಾಗ ನಾನೂ ಅವನ್ನೇ ಎಣಿಸಿದ್ದೆ. ಏಳು.