ಪಂಪನ್ನು ವಾಪಸ್ಸು ಕಳಿಸಿದ ದಿನ

ಮಾರ್ಚ್ ಹನ್ನೊಂದು, ಭಾನುವಾರ

ಚೂಟಿ ಮಗಳಿಗೆ ಅಪ್ಪನ ಪ್ರೀತಿಯ ಆಶೀರ್ವಾದ.

ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಪತ್ರ ಬಂದು ಮೂರು ವಾರವಾಯಿತು. ಕೆಲಸ ಜಾಸ್ತಿ, ಅದಕ್ಕೇ ಬರೆಯಲಿಲ್ಲ ಎಂದರೆ ನೀನು ನಂಬಿಬಿಡುತ್ತೀಯ, ಆದರೆ ನಿಜ ಅದಲ್ಲ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದುಬಿಟ್ಟೆ. ನಿನ್ನ ಅಮ್ಮ, "ಒಂದು ಕಾಗದ ಬರಿಯೋಕೆ ಇಷ್ಟು ತಿಣುಕ್ತೀರಲ್ಲ, ಪಾಯ ತೋಡ್ತಿದೀರಾ?" ಎಂದು ನಗುತ್ತಾಳೆ.

ಕಾಲೇಜಿನ ವರದಿಗೆ, ಕಾಂಕ್ರೀಟನ್ನು ಪಂಪಿನಲ್ಲಿ ಹಾಕುವುದರಿಂದ ಏನೇನು ಲಾಭ ಎಂದು ಕೇಳಿದ್ದೀಯ. ಮೊದಲ ಪುಟದಲ್ಲಿ 'ಇದನ್ನೆಲ್ಲ ಕಲಿಸಿದ ಮೇಸ್ತ್ರಿ ಅಪ್ಪನಿಗೆ' ಎಂದು ಹಾಕುತ್ತೇನೆ ಅಂತಲೂ ಬರೆದಿದ್ದೀಯ. ಓದಿ ನಾಚಿಕೆಯಾಯಿತು ಮಗಳೇ. ಹೊಗಳಿದರೆ ಆಗುವ ನಾಚಿಕೆಯಲ್ಲ, ತಲೆ ತಗ್ಗಿಸುವ ನಾಚಿಕೆ. ಇರಲಿ, ಮೊದಲು ನಿನ್ನ ಕೆಲಸ ಮುಗಿಸೋಣ.

ಈಗ ನಡೆಯುತ್ತಿರುವ ಕಟ್ಟಡವನ್ನೇ ತೆಗೆದುಕೋ. ಗಲ್ಲಿ ಕಿರಿದು, ಲಾರಿ ಒಳಗೆ ಬರುವುದಿಲ್ಲ. ಪಂಪು ದೊಡ್ಡ ರಸ್ತೆಯಲ್ಲೇ ನಿಂತಿತು, ಪೈಪು ಮೂರನೇ ಮಹಡಿಗೆ ಹೋಯಿತು. ಮುಂಚೆ ನಲವತ್ತು ಜನ ಬೆಳಗಿನಿಂದ ಸಂಜೆಯವರೆಗೆ ಬಾಂಡ್ಲಿಯಲ್ಲಿ ಹೊರುತ್ತಿದ್ದುದನ್ನು ಎಂಟು ಜನ ಮಧ್ಯಾಹ್ನದ ಊಟದೊಳಗೆ ಮುಗಿಸಿದೆವು. ದಾರಿಯುದ್ದಕ್ಕೂ ಚೆಲ್ಲುವುದಿಲ್ಲ. ಸ್ಲ್ಯಾಬು ಒಂದೇ ಓಟದಲ್ಲಿ ಬೀಳುವುದರಿಂದ, ಹಾಕಿದ್ದು ಬಿಗಿದು ಹೊಸದು ಅದಕ್ಕೆ ಅಂಟದೆ ನೀರು ಸೋರುವ ಭಯವೂ ಇಲ್ಲ. ಹಾಂ, ಇದನ್ನೂ ಬರಿ: ಮೊದಲು ತೆಳ್ಳನೆ ಸಿಮೆಂಟ್ ಹಾಲು ಓಡಿಸಿ ಪೈಪಿನ ಒಳಮೈ ನೆನೆಸಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಾಗ ಅವಸರಕ್ಕೆ ನೀರು ಸುರಿಯಲು ಬರುವ ಜಾಣರನ್ನು ಅಟ್ಟಬೇಕು. ನೀರು ಹೆಚ್ಚಾದರೆ ಸಲೀಸಾಗಿ ಹರಿಯುತ್ತದೆ, ಆದರೆ ಬಲ ಬರುವುದಿಲ್ಲ.

ಇಷ್ಟೆಲ್ಲ ಬಲ್ಲ ನಿನ್ನ ಅಪ್ಪ, ನಿನಗೆ ಆರು ವರ್ಷವಿದ್ದಾಗ ಗೇಟಿಗೆ ಬಂದ ಪಂಪನ್ನು ವಾಪಸ್ಸು ಕಳಿಸಿದವನು. ಇಂಜಿನಿಯರೇ ತರಿಸಿದ್ದರು. ನನ್ನ ಜನ ಸಾಲು ನಿಂತರೆ ಯಾವ ಮಿಷನ್ನೂ ಸಾಟಿಯಲ್ಲ ಎಂದು ಮಾಲೀಕರ ಮುಂದೆ ಎದೆ ಸೆಟೆಸಿದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತ ಗಾದೆ ಬೇರೆ. ಇಂಜಿನಿಯರು ಮೆತ್ತಗೆ, "ಮೇಸ್ತ್ರಿ, ಹತ್ತೋ ಹಲಗೆ ಒದ್ದೆಯಾಗಿದೆ, ಹೆಂಗಸರು ಜಾರ್ತಾರೆ," ಅಂದರು. ನಾನು ನಕ್ಕುಬಿಟ್ಟೆ. ನನ್ನ ಒಂದು ಕೂಗಿಗೆ ನಲವತ್ತು ಜನ ಕದಲುತ್ತಿದ್ದರು, ಪಂಪು ಬಂದರೆ ನನ್ನ ಕೂಗು ಯಾರಿಗೆ ಬೇಕು? ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟ ಮಹಾನುಭಾವ ನಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆದ್ದರಿಂದ ಮೊದಲ ಪುಟದಲ್ಲಿ ನಾನು ಬೇಡ. ಹಾಕಲೇಬೇಕೆಂದಿದ್ದರೆ ಅಮ್ಮನ ಹೆಸರು ಹಾಕು. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣು ಕೆಡಿಸಿಕೊಂಡು ಓದಬೇಡ. ನಿನ್ನ ಕೈ ಹಿಡಿದ ಕೆಲಸವೆಲ್ಲ ನೆಟ್ಟಗಾಗಲಿ, ನೂರು ಕಾಲ ಬಾಳು.

ಸದಾ ನಿನ್ನ ಒಳ್ಳೆಯದನ್ನೇ ಬಯಸುವ
ಅಪ್ಪ

ಮಡಿಚುವ ಮುಂಚೆ ಇನ್ನೊಂದು ಮಾತು: ಇದು ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಮ್ಮನ ಬಲಗೈ ಭುಜದಿಂದ ಮೇಲೆ ಏಳದಿರುವುದು ಬಚ್ಚಲಲ್ಲಿ ಜಾರಿ ಬಿದ್ದದ್ದರಿಂದ ಎಂದು ನಿನಗೆ ಹೇಳುತ್ತ ಬಂದಿದ್ದೇವೆ. ಸುಳ್ಳು. ಆ ದಿನ ಸಾಲಿನಲ್ಲಿ ಅವಳೂ ಇದ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಬಾಂಡ್ಲಿ ಸಮೇತ ಹಲಗೆಯಿಂದ ಕೆಳಗೆ ಬಿದ್ದಳು. ಸ್ಲ್ಯಾಬು ಅರ್ಧಕ್ಕೆ ಬಂದಿತ್ತು. ನಿಲ್ಲಿಸಿದರೆ ಕೆಲಸ ಕೆಡುತ್ತದೆ ಎಂದು ಹೇಳಿಕೊಂಡೆ, ನಿಜವಾಗಿ ಕೆಡುತ್ತಿದ್ದುದು ಮಾಲೀಕರ ಮುಂದೆ ನನ್ನ ಮರ್ಯಾದೆ. ಅವಳನ್ನು ನೆರಳಿಗೆ ಕೂರಿಸಿ, ಆ ಜಾಗಕ್ಕೆ ಇನ್ನೊಬ್ಬಳನ್ನು ನಿಲ್ಲಿಸಿದೆ. ಸಂಜೆ ಆರಕ್ಕೆ ಸ್ಲ್ಯಾಬು ಮುಗಿಸಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕೈ ಮುಟ್ಟಿ ನೋಡಿ, ಇಷ್ಟು ಊದಿದೆಯಲ್ಲ, ಬಿದ್ದು ಎಷ್ಟು ಹೊತ್ತಾಯಿತು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಮ್ಮ, "ಈಗ ತಾನೇ ಡಾಕ್ಟ್ರೇ, ಮನೆ ಬಚ್ಚಲಲ್ಲಿ," ಅಂದಳು.

ನಾನು ಹೌದೆಂದು ತಲೆಯಾಡಿಸಿದೆ.