ಕೋಟಿನ ಜೇಬಿನಲ್ಲಿದ್ದ ಪಿನ್ನು

ಮೋದೆನಾ, 12 ಜೂನ್ 1953, ಶುಕ್ರವಾರ

ರಾತ್ರಿ ಊಟಕ್ಕೆ ಕುಳಿತಾಗ ಕೋಟಿನ ಜೇಬಿನಲ್ಲಿ ಪಿನ್ನು ಸಿಕ್ಕಿತು. ಸ್ಟೀರಿಂಗ್ ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಪಿನ್ನು. ನಾವು ತಯಾರಿಸುವ ಪ್ರತಿ ಕಾರಿನ ಆ ನಟ್ಟನ್ನು ನಾನೇ ಬಿಗಿಯಬೇಕೆಂಬುದು ನನ್ನ ಹಟ. ಒಬ್ಬ ಬಿಗಿದದ್ದನ್ನು ಇನ್ನೊಬ್ಬ ನೋಡಿ ಕೆಂಪು ಚುಕ್ಕೆ ಇಡುವುದು ನಮ್ಮ ಕಾರ್ಖಾನೆಯ ಪದ್ಧತಿ. ಬೆಳಿಗ್ಗೆ ಮೇಸ್ತ್ರಿ ನೇವಿಯೋ ಕುಂಚ ಹಿಡಿದು ಬಂದಾಗ, "ಇಪ್ಪತ್ತು ವರ್ಷ ರೇಸ್ ಕಾರು ಓಡಿಸಿದೋನು ಕಣೋ ನಾನು, ನನಗೂ ಪರೀಕ್ಷೆನಾ?" ಎಂದು ಗದರಿ ಕಳಿಸಿದ್ದೆ. ಮಧ್ಯಾಹ್ನವೇ ಕಾರು ನೇವಿಯೋ ಜೊತೆ ಪರಊರಿನ ರೇಸಿಗೆ ಹೊರಟುಹೋಯಿತು. ಅದರ ಮೂತಿಯ ಮೇಲೆ ನನ್ನ ಹೆಸರಿದೆ. ನಾಳೆ ಅದನ್ನು ಓಡಿಸುವವನು ನನ್ನ ತಂಗಿಯ ಮಗ.

"ಯಾಕ್ರೀ, ಮುಖ ಹಿಂಗೆ ಬಿಳುಚಿಕೊಂಡಿದೆ?" ಎಂದಳು ಹೆಂಡತಿ ಇಯೋಲೆ. ಸೂಪು ಬಿಟ್ಟು ಫೋನಿಗೆ ಓಡಿದೆ.

ಆ ಕಡೆ ಹೋಟೆಲಿನಲ್ಲಿ ನೇವಿಯೋ ನಕ್ಕ. "ಗಾಬರಿ ಆಗ್ಬೇಡಿ ಧಣಿ. ನೀವು ಅತ್ಲಾಗೆ ಹೋದ್ಮೇಲೆ ನಾನೇ ಬೇರೆ ಪಿನ್ ಹಾಕ್ದೆ. ಇದೇನು ಹೊಸದಾ? ನೀವು ಮರೀತೀರಿ, ನಾನು ಹಾಕ್ತೀನಿ."

"ಎಷ್ಟು ದಿನದಿಂದ?"

"ಮೂರು ವರ್ಷ ಆಯ್ತಲ್ಲ."

ಸದ್ಯ, ಹುಡುಗ ಉಳಿದ ಎಂದುಕೊಂಡು ಮಲಗಿದೆ. ನಿದ್ದೆ ಹತ್ತಲಿಲ್ಲ. ಹೋದ ಚಳಿಗಾಲದಲ್ಲಿ ನೇವಿಯೋ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ಆಗಲೂ ಆ ನಟ್ಟನ್ನು ನಾನೇ ಬಿಗಿಯುತ್ತಿದ್ದೆ, ಚುಕ್ಕೆ ಇಡಲು ಯಾರನ್ನೂ ಹತ್ತಿರ ಬಿಡಲಿಲ್ಲ. ಆ ಎರಡು ತಿಂಗಳಲ್ಲಿ ಮಾರಿದ ಆರು ಕಾರುಗಳು ಈಗ ಎಲ್ಲೆಲ್ಲೋ ಓಡುತ್ತಿವೆ.